ಲ್ಯಾಪ್‌ಟಾಪ್ ಗ್ರಾಫಿಕ್ಸ್‌ನ ಫರ್ಮ್‌ವೇರ್‌ಗೆ ಕೈ ಹಾಕುವ ಮುನ್ನ

2012ರಲ್ಲಿ ಎನ್‌ವಿಡಿಯಾ ಕಂಪನಿ ಲ್ಯಾಪ್‌ಟಾಪ್‌ಗಳಿಗೆಂದು ಜಿಟಿ 650ಎಂ, ಜಿಟಿಎಕ್ಸ್ 660ಎಂ ಎಂಬ ಎರಡು ಗ್ರಾಫಿಕ್ಸ್ ಚಿಪ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರು ಎರಡಾದರೂ ಒಳಗಿದ್ದ ಸಿಲಿಕಾನ್ ಒಂದೇ. ಅದು ಜಿಕೆ107, ಅದರಲ್ಲಿ 384 ಕೋರ್. ಜಿಡಿಡಿಆರ್5 ಮೆಮೊರಿ ಇರುವ 650ಎಂನ ಮೂಲ ವೇಗ 735 ಮೆಗಾಹರ್ಟ್ಸ್, 660ಎಂನದು 835. ಅದೇ ವರ್ಷ ಆಪಲ್ ತನ್ನ 15 ಇಂಚಿನ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲಿ ಕೆಳದರ್ಜೆಯ 650ಎಂ ಅನ್ನೇ ಹಾಕಿ 900 ಮೆಗಾಹರ್ಟ್ಸ್‌ಗೆ ಓಡಿಸಿತು. ಹಾಗಾಗಿ ಹೆಸರಿನಲ್ಲಿ ಚಿಕ್ಕದಾದ ಚಿಪ್ ದೊಡ್ಡದನ್ನು ಹಿಂದೆ ಹಾಕಿತು. ಮರುವರ್ಷ ಬಂದ ಜಿಟಿ 750ಎಂ ಕೂಡ ಇದೇ ಜಿಕೆ107, ಮೂಲ ವೇಗ 967ರವರೆಗೆ. ಯಾವ ಲ್ಯಾಪ್‌ಟಾಪ್‌ನಲ್ಲಿ ಈ ಚಿಪ್ ಎಷ್ಟು ಓಡಬೇಕು ಎಂದು ಬರೆದಿಟ್ಟಿದ್ದು ಒಂದು ಪುಟ್ಟ ಫೈಲಿನಲ್ಲಿ.

ಗ್ರಾಫಿಕ್ಸ್ ಚಿಪ್‌ನ ಫರ್ಮ್‌ವೇರ್ ಆದ ಆ ಫೈಲಿಗೆ ವಿಡಿಯೊ ಬಯಾಸ್, ಚಿಕ್ಕದಾಗಿ ವಿಬಯಾಸ್ ಎನ್ನುತ್ತಾರೆ. ಕಂಪ್ಯೂಟರ್ ಆನ್ ಮಾಡಿದೊಡನೆ ಗ್ರಾಫಿಕ್ಸ್ ಚಿಪ್ಪನ್ನು ಎಬ್ಬಿಸುವುದು ಇದರ ಮೊದಲ ಕೆಲಸ. ಜೊತೆಗೆ ಇದರಲ್ಲಿ ಹಲವು ಪಟ್ಟಿಗಳಿರುತ್ತವೆ. ಯಾವ ವೇಗಕ್ಕೆ ಎಷ್ಟು ವೋಲ್ಟೇಜ್ ಕೊಡಬೇಕು, ಒಟ್ಟು ಎಷ್ಟು ವಾಟ್ ಮೀರಬಾರದು, ಎಷ್ಟು ಡಿಗ್ರಿ ಬಿಸಿಯಾದರೆ ವೇಗ ಇಳಿಸಬೇಕು, ಯಾವ ಕಂಪನಿಯ ಮೆಮೊರಿ ಚಿಪ್‌ಗೆ ಯಾವ ಟೈಮಿಂಗ್, ಯಾವ ಡಿಸ್‌ಪ್ಲೇ ಪೋರ್ಟ್ ಯಾವ ತಂತಿಗೆ ಜೋಡಣೆಯಾಗಿದೆ ಎಂಬುದೆಲ್ಲ ಅಲ್ಲಿದೆ. ಓವರ್‌ಕ್ಲಾಕ್ ಮಾಡಲು, ಅಂದರೆ ಚಿಪ್ಪನ್ನು ನಿಗದಿಗಿಂತ ವೇಗವಾಗಿ ಓಡಿಸಲು ಹೊರಟವರು ತಿದ್ದಲು ಬಯಸುವುದು ಮೊದಲ ಮೂರನ್ನು. ಬೇರೆ ಯಂತ್ರದ ಫೈಲ್ ತಂದು ಹಾಕಿ ಕೆಡಿಸಿಕೊಳ್ಳುವುದು ಕೊನೆಯ ಎರಡನ್ನು.

ಮನೆಯ ಕರೆಂಟ್ ಬಿಲ್ಲಿನಲ್ಲಿ ‘ಮಂಜೂರಾದ ಲೋಡ್’ ಎಂದು ಒಂದು ಅಂಕಿ ಇರುತ್ತದಲ್ಲ, ವಿಬಯಾಸ್‌ನಲ್ಲಿರುವ ವಾಟ್ ಮಿತಿಯೂ ಅಂಥದ್ದೇ. ಅಂಕಿ ತಿದ್ದಿದ ಮಾತ್ರಕ್ಕೆ ಗೋಡೆಯೊಳಗಿನ ವೈರ್ ದಪ್ಪವಾಗುವುದಿಲ್ಲ. ಡೆಸ್ಕ್‌ಟಾಪ್ ಕಾರ್ಡಿಗೆ ತನ್ನದೇ ಹೀಟ್‌ಸಿಂಕ್, ತನ್ನದೇ ಫ್ಯಾನ್‌ಗಳಿರುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡಕ್ಕೂ ಸಾಮಾನ್ಯವಾಗಿ ಒಂದೇ ಗುಂಪಿನ ಹೀಟ್‌ಪೈಪ್‌ಗಳು, ಎರಡಕ್ಕೂ ಒಂದೇ ಅಡಾಪ್ಟರ್. ಗ್ರಾಫಿಕ್ಸ್‌ಗೆ 20 ವಾಟ್ ಹೆಚ್ಚು ಕೊಟ್ಟರೆ ಆ ಬಿಸಿ ಪ್ರೊಸೆಸರ್‌ನ ತಲೆಗೂ ಏರುತ್ತದೆ. ಗ್ರಾಫಿಕ್ಸ್ ಚಿಪ್ ವೇಗವಾಗಿ, ಪ್ರೊಸೆಸರ್ ನಿಧಾನವಾಗಿ, ಆಟ ಮೊದಲಿನಷ್ಟೇ ಓಡುವುದು ಅಪರೂಪವೇನಲ್ಲ.

ತಡೆ ಎಲ್ಲಿದೆ, ಮೊದಲು ಅದನ್ನು ನೋಡಿ

ಜಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದರ ಸೆನ್ಸರ್ ಪುಟದಲ್ಲಿ ‘ಪರ್ಫ್‌ಕ್ಯಾಪ್ ರೀಸನ್’ ಎಂಬ ಸಾಲಿದೆ. ಚಿಪ್ ಇನ್ನೂ ವೇಗವಾಗಿ ಓಡದಂತೆ ಈ ಕ್ಷಣ ತಡೆಯುತ್ತಿರುವುದು ಏನು ಎಂದು ಅದು ಹೇಳುತ್ತದೆ. ಅರ್ಧ ಗಂಟೆ ಭಾರಿ ಆಟವೊಂದನ್ನು ಆಡಿ, ಬಳಿಕ ಆ ಸಾಲನ್ನು ನೋಡಿ. ಐದು ನಿಮಿಷದ ಪರೀಕ್ಷೆ ಸಾಲದು, ಲ್ಯಾಪ್‌ಟಾಪ್‌ನ ಲೋಹವೆಲ್ಲ ಕಾದು ನಿಲ್ಲಲು ಸಮಯ ಬೇಕು.

ತಡೆ ‘ಥರ್ಮಲ್’ ಎಂದು ಬಂದರೆ ಫರ್ಮ್‌ವೇರ್ ಮಾತು ಅಲ್ಲಿಗೇ ಮುಗಿಯಿತು. ನಿಮಗೆ ಬೇಕಿರುವುದು ಸ್ಕ್ರೂಡ್ರೈವರ್, ಹೊಸ ಥರ್ಮಲ್ ಪೇಸ್ಟ್, ಫ್ಯಾನಿನ ಧೂಳು ತೆಗೆಯಲು ಒಂದು ಬ್ರಷ್. ನಾಲ್ಕೈದು ವರ್ಷ ಹಳೆಯ ಗೇಮಿಂಗ್ ಲ್ಯಾಪ್‌ಟಾಪ್ ಆದರೆ ಈ ಕೆಲಸದಿಂದಲೇ ಕಳೆದುಹೋದ ವೇಗ ಮರಳುವುದುಂಟು. ತಡೆ ‘ವೋಲ್ಟೇಜ್’ ಎಂದು ಬಂದರೆ ಚಿಪ್ ತನಗೆ ನಿಗದಿಯಾದ ವೋಲ್ಟೇಜ್‌ನ ತುದಿ ಮುಟ್ಟಿದೆ ಎಂದರ್ಥ. ತಡೆ ‘ಪವರ್’ ಆಗಿದ್ದು, ಉಷ್ಣಾಂಶ 75 ಡಿಗ್ರಿಯ ಒಳಗಿದ್ದರೆ ಮಾತ್ರ ವಿಬಯಾಸ್ ತಿದ್ದಿ ಪಡೆಯುವಂಥದ್ದು ಏನಾದರೂ ಇದೆ.

ಆ 75 ಡಿಗ್ರಿಯನ್ನು ಎಲ್ಲಿ, ಯಾವ ತಿಂಗಳಲ್ಲಿ ಅಳೆದಿರಿ ಎಂಬುದೂ ಮುಖ್ಯ. ಚಿಪ್‌ನ ಬಿಸಿ ಕೋಣೆಯ ಬಿಸಿಯ ಮೇಲೆ ಕೂತಿರುತ್ತದೆ. ಬೆಂಗಳೂರಿನ ಜನವರಿಯಲ್ಲಿ 24 ಡಿಗ್ರಿಯ ಕೋಣೆಯಲ್ಲಿ 78 ತೋರಿಸುವ ಯಂತ್ರ, ಏಪ್ರಿಲ್‌ನಲ್ಲಿ ರಾಯಚೂರಿನ 38 ಡಿಗ್ರಿಯ ಕೋಣೆಗೆ ಹೋದರೆ ಲೆಕ್ಕಕ್ಕೆ 92 ತೋರಿಸಬೇಕು. ಈಚಿನ ಬಹುತೇಕ ಲ್ಯಾಪ್‌ಟಾಪ್‌ಗಳು 87ರ ಸುತ್ತಮುತ್ತಲೇ ವೇಗ ಇಳಿಸಲು ಶುರುಮಾಡುತ್ತವೆ, ಆದ್ದರಿಂದ ಅಲ್ಲಿಗೆ ನಿಮ್ಮ ಓವರ್‌ಕ್ಲಾಕ್ ಎಲ್ಲ ಕರಗಿತು. ಕಲಬುರಗಿ, ಬಳ್ಳಾರಿ ಕಡೆಯವರು ಈ ಪರೀಕ್ಷೆಯನ್ನು ಬೇಸಿಗೆಯಲ್ಲೇ ಮಾಡಿ ತೀರ್ಮಾನಿಸುವುದು ಒಳ್ಳೆಯದು.

ವೋಲ್ಟೇಜ್ ವಿಚಾರದಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಚಿಪ್ ಕೆಲಸ ಮಾಡುವಾಗ ಉಣ್ಣುವ ವಿದ್ಯುತ್ತು ವೇಗಕ್ಕೆ ಅನುಗುಣವಾಗಿ ಏರುತ್ತದೆ, ವೋಲ್ಟೇಜ್‌ಗಾದರೆ ಅದರ ವರ್ಗಕ್ಕೆ ಅನುಗುಣವಾಗಿ. ವೇಗ ಶೇ 10 ಏರಿಸಲು ವೋಲ್ಟೇಜನ್ನೂ ಶೇ 10 ಏರಿಸಬೇಕಾಗಿ ಬಂದರೆ 1.1 ಅನ್ನು ಮೂರು ಸಲ ಗುಣಿಸಿ. ಉತ್ತರ 1.33. ಅಂದರೆ ಹತ್ತು ಭಾಗ ವೇಗಕ್ಕೆ ಮೂವತ್ತಮೂರು ಭಾಗ ಹೆಚ್ಚುವರಿ ಬಿಸಿ. ವೋಲ್ಟೇಜ್ ಮುಟ್ಟದೆ ವೇಗ ಮಾತ್ರ ಏರಿಸಿದರೆ ಹತ್ತಕ್ಕೆ ಹತ್ತೇ. ಲ್ಯಾಪ್‌ಟಾಪ್‌ನಲ್ಲಿ ಗರಿಷ್ಠ ವೋಲ್ಟೇಜ್ ಏರಿಸಬೇಡಿ ಎಂದು ನಾನು ಖಡಾಖಂಡಿತವಾಗಿ ಹೇಳುವುದು ಈ ಲೆಕ್ಕದ ಬಲದಿಂದಲೇ.

ಇನ್ನೊಂದು ಮಾತು. ಕಂಪನಿಯೇ ಕೊಟ್ಟಿರುವ ಮಿತಿ ಎಷ್ಟು ಎಂದು ನೋಡದೆಯೇ ಎಷ್ಟೋ ಜನ ತಿದ್ದಲು ಹೊರಡುತ್ತಾರೆ. ಆರ್‌ಟಿಎಕ್ಸ್ 3060 ಲ್ಯಾಪ್‌ಟಾಪ್ ಚಿಪ್‌ಗೆ ಎನ್‌ವಿಡಿಯಾ ಕೊಟ್ಟಿರುವ ವ್ಯಾಪ್ತಿಯೇ 60ರಿಂದ 115 ವಾಟ್. ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟ, ಒಂದೇ ಸ್ಟಿಕ್ಕರ್‌ನ ಎರಡು ಲ್ಯಾಪ್‌ಟಾಪ್‌ಗಳ ನಡುವೆ ಅಷ್ಟು ಅಂತರ ಇರಬಹುದು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನ ಸಿಸ್ಟಂ ಮಾಹಿತಿಯಲ್ಲಿ ‘ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್’ ಎಂಬ ಸಾಲಿನಲ್ಲಿ ನಿಮ್ಮ ಯಂತ್ರದ ಅಂಕಿ ಸಿಗುತ್ತದೆ. ಲ್ಯಾಪ್‌ಟಾಪ್ ಕಂಪನಿಯ ತಂತ್ರಾಂಶದಲ್ಲಿರುವ ‘ಪರ್ಫಾರ್ಮೆನ್ಸ್’ ಅಥವಾ ‘ಟರ್ಬೊ’ ಮೋಡ್ ಒತ್ತಿದರೆ ಎಷ್ಟೋ ಮಾದರಿಗಳಲ್ಲಿ ಈ ಮಿತಿ ತಾನಾಗಿಯೇ ಏರುತ್ತದೆ. ಅದಕ್ಕೆ ವಾರಂಟಿ ಹೋಗುವುದಿಲ್ಲ.

ತಿದ್ದಲು ಬರುತ್ತಿದ್ದ ಕಾಲ

ಕೆಪ್ಲರ್ (2012) ಮತ್ತು ಮ್ಯಾಕ್ಸ್‌ವೆಲ್ (2014) ತಲೆಮಾರಿನ ಎನ್‌ವಿಡಿಯಾ ಚಿಪ್‌ಗಳು ಈ ಹವ್ಯಾಸದ ಸುವರ್ಣಕಾಲದವು. ಆಗ ತಿದ್ದಲು ಬಲವಾದ ಕಾರಣವೂ ಇತ್ತು. ಹಲವು ಕೆಪ್ಲರ್ ಲ್ಯಾಪ್‌ಟಾಪ್‌ಗಳಲ್ಲಿ ತಂತ್ರಾಂಶದಿಂದ ಮೂಲ ವೇಗಕ್ಕಿಂತ 135 ಮೆಗಾಹರ್ಟ್ಸ್‌ಗಿಂತ ಹೆಚ್ಚು ಏರಿಸಲು ಬಿಡುತ್ತಿರಲಿಲ್ಲ. ಆ ಬೀಗ ತೆಗೆಯಲು ವಿಬಯಾಸ್ ತಿದ್ದುವುದೇ ದಾರಿಯಾಗಿತ್ತು. 2015ರ ಫೆಬ್ರವರಿಯಲ್ಲಿ ಎನ್‌ವಿಡಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 347.29 ಡ್ರೈವರ್‌ನಲ್ಲಿ 900ಎಂ ಸರಣಿಯ ಲ್ಯಾಪ್‌ಟಾಪ್‌ಗಳಿಗೆ ಓವರ್‌ಕ್ಲಾಕ್ ಸೌಲಭ್ಯವನ್ನೇ ಕಿತ್ತುಹಾಕಿತು. ಲ್ಯಾಪ್‌ಟಾಪ್‌ಗಳನ್ನು ಅದಕ್ಕೆಂದು ವಿನ್ಯಾಸ ಮಾಡಿಲ್ಲ ಎಂಬುದು ಕಂಪನಿಯ ವಾದ. ಗಿರಾಕಿಗಳು ಗಲಾಟೆ ಎಬ್ಬಿಸಿದರು. ಅದೇ ತಿಂಗಳು ಕಂಪನಿ ಹಿಂದೆ ಸರಿದು, ಮುಂದಿನ ಡ್ರೈವರ್‌ನಲ್ಲಿ ಸೌಲಭ್ಯವನ್ನು ಮರಳಿಸುವುದಾಗಿ ಹೇಳಿತು. ನನ್ನ ಮಟ್ಟಿಗೆ ಕಂಪನಿಯ ವಾದದಲ್ಲಿ ಹುರುಳಿತ್ತು, ಆದರೆ ಮಾರಿದ ಮೇಲೆ ಸೌಲಭ್ಯ ಕಿತ್ತುಕೊಂಡ ರೀತಿ ಸರಿಯಿರಲಿಲ್ಲ.

ಅಂಥ ಹಳೆಯ ಲ್ಯಾಪ್‌ಟಾಪ್ ನಿಮ್ಮ ಬಳಿ ಇದ್ದು, ತಡೆ ಬಿಸಿಯದಲ್ಲ ಎಂದು ಖಚಿತವಾಗಿದ್ದರೆ ಕೆಲಸ ಹೀಗೆ ಸಾಗಬೇಕು.

ಮೊದಲು ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿ ನೋಡಿ. ಕೆಪ್ಲರ್ ಚಿಪ್‌ಗಳ ವೇಗ 13 ಮೆಗಾಹರ್ಟ್ಸ್‌ನ ಮೆಟ್ಟಿಲುಗಳಲ್ಲಿ ಏರುವುದರಿಂದ ಐದೈದು ಏರಿಸುವುದು ವ್ಯರ್ಥ. ನಿಮ್ಮ ಚಿಪ್ ಎಲ್ಲಿ ತಡವರಿಸುತ್ತದೆ ಎಂದು ತಂತ್ರಾಂಶದಲ್ಲೇ ಚೆನ್ನಾಗಿ ತಿಳಿದುಕೊಂಡ ಮೇಲೆ ಮಾತ್ರ ಫರ್ಮ್‌ವೇರ್. ತಂತ್ರಾಂಶದ ತಪ್ಪು ರೀಸ್ಟಾರ್ಟ್ ಮಾಡಿದರೆ ಹೋಗುತ್ತದೆ, ಫರ್ಮ್‌ವೇರ್‌ನದು ಹೋಗುವುದಿಲ್ಲ.

ಆಮೇಲೆ ಬ್ಯಾಕಪ್. ಜಿಪಿಯು-ಜೆಡ್‌ನ ಮೊದಲ ಪುಟದಲ್ಲಿ ಬಯಾಸ್ ಆವೃತ್ತಿಯ ಪಕ್ಕದ ಬಾಣ ಒತ್ತಿ ಫೈಲ್ ಉಳಿಸಿ. ಎನ್‌ವಿಫ್ಲ್ಯಾಶ್ ಎಂಬ ಕಮಾಂಡ್ ಸಲಕರಣೆಯಿಂದಲೂ ಇನ್ನೊಂದು ಪ್ರತಿ ತೆಗೆಯಿರಿ. ಎರಡನ್ನೂ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಹೋಲಿಸಿ. ಕೆಲಸಕ್ಕೆ ಬರುವ ವಿಬಯಾಸ್‌ನ ಮುಖ್ಯ ಭಾಗ ‘55 ಎಎ’ ಎಂಬ ಎರಡು ಬೈಟ್‌ಗಳಿಂದ ಶುರುವಾಗುತ್ತದೆ. ಕೆಲವು ಫೈಲ್‌ಗಳಲ್ಲಿ ಅದಕ್ಕೂ ಮೊದಲು ಎನ್‌ವಿಡಿಯಾದ ಸ್ವಂತ ತಲೆಬರಹ ಇರುತ್ತದೆ, ಗಾಬರಿಯಾಗಬೇಡಿ. ಫೈಲಿನ ತುಂಬ ಬರೀ ‘ಎಫ್‌ಎಫ್’ ಅಥವಾ ಬರೀ ಸೊನ್ನೆ ಇದ್ದರೆ ಅದು ಬ್ಯಾಕಪ್ ಅಲ್ಲ, ಖಾಲಿ ಡಬ್ಬ. ಒಳ್ಳೆಯ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲೂ ಮೊಬೈಲ್‌ನಲ್ಲೂ ಇಡಿ. ಇದೇ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇಟ್ಟರೆ, ಬೇಕಾದ ದಿನ ಅದನ್ನು ತೆರೆಯಲಾಗದು.

ಎನ್‌ವಿಫ್ಲ್ಯಾಶ್ ನಿಮ್ಮ ಚಿಪ್‌ನ ರಾಮ್ (ROM, ಅಂದರೆ ವಿಬಯಾಸ್ ಬರೆದಿಟ್ಟಿರುವ ಪುಟ್ಟ ಚಿಪ್) ಸಿಗುತ್ತಿಲ್ಲ ಎಂದರೆ ಅಲ್ಲೇ ನಿಲ್ಲಿಸಿ. ಗ್ರಾಫಿಕ್ಸ್ ಚಿಪ್ಪನ್ನು ಮದರ್‌ಬೋರ್ಡ್‌ಗೇ ಬೆಸೆದಿರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಬಯಾಸ್‌ಗೆ ಪ್ರತ್ಯೇಕ ಚಿಪ್ ಇರುವುದಿಲ್ಲ. ಅದು ಲ್ಯಾಪ್‌ಟಾಪ್‌ನ ಮುಖ್ಯ ಬಯಾಸ್‌ನೊಳಗೇ ಅಡಗಿದ್ದು, ಪ್ರತಿ ಸಲ ಆನ್ ಆದಾಗ ಅಲ್ಲಿಂದ ಬರುತ್ತದೆ. ಅದನ್ನು ತಿದ್ದಬೇಕೆಂದರೆ ಮುಖ್ಯ ಬಯಾಸನ್ನೇ ತಿದ್ದಬೇಕು. ಅದಕ್ಕೆ ತಯಾರಕರ ಡಿಜಿಟಲ್ ಸಹಿಯ ಕಾವಲಿರುತ್ತದೆ. 2013ರ ಹ್ಯಾಸ್‌ವೆಲ್ ಪ್ರೊಸೆಸರ್‌ಗಳಿಂದ ಈಚೆಗೆ ಇಂಟೆಲ್‌ನ ಬೂಟ್ ಗಾರ್ಡ್ ಇರುವ ಯಂತ್ರವಾದರೆ, ತಿದ್ದಿದ ಬಯಾಸ್ ಹಾಕಿದ ಲ್ಯಾಪ್‌ಟಾಪ್ ಏಳುವುದೇ ಇಲ್ಲ. ಎಂಎಕ್ಸ್‌ಎಂ ಎಂಬ, ಬಿಚ್ಚಿ ತೆಗೆಯಬಹುದಾದ ಕಾರ್ಡ್ ಇರುವ ಹಳೆಯ ಕ್ಲೆವೊ, ಎಂಎಸ್‌ಐ, ಏಲಿಯನ್‌ವೇರ್ ಮಾದರಿಗಳ ಒಡೆಯರಿಗೆ ಈ ತೊಂದರೆ ಕಡಿಮೆ. ಅವರ ಕಾರ್ಡ್‌ನಲ್ಲೇ ರಾಮ್ ಇರುವುದು ಸಾಮಾನ್ಯ.

ತಿದ್ದಲು ಕೆಪ್ಲರ್ ಬಯಾಸ್ ಟ್ವೀಕರ್, ಮ್ಯಾಕ್ಸ್‌ವೆಲ್ 2 ಬಯಾಸ್ ಟ್ವೀಕರ್ ಎಂಬ ಸಲಕರಣೆಗಳಿವೆ. ಒಳಗೆ ಹತ್ತಾರು ಕೋಷ್ಟಕಗಳು ಕಾಣುತ್ತವೆ. ಮುಟ್ಟಬೇಕಾದ್ದು ಎರಡು ಮಾತ್ರ, ಚಿಪ್‌ನ ವೇಗ ಮತ್ತು ವಾಟ್ ಮಿತಿ. ಆಫ್ಟರ್‌ಬರ್ನರ್‌ನಲ್ಲಿ ಸ್ಥಿರವಾಗಿ ಓಡಿದ ವೇಗಕ್ಕಿಂತ ಒಂದೆರಡು ಮೆಟ್ಟಿಲು ಕೆಳಗೆ ಇಡಿ, ವಾಟ್ ಮಿತಿಯನ್ನು ಶೇ 10–15 ಮಾತ್ರ ಏರಿಸಿ. ಫೈಲ್ ಉಳಿಸುವಾಗ, ಅದು ಸರಿಯಿದೆಯೇ ಎಂದು ತಾಳೆ ನೋಡುವ ಚೆಕ್‌ಸಮ್ ಅನ್ನು ಸಲಕರಣೆಯೇ ಸರಿಪಡಿಸುತ್ತದೆ. ಇದೇ ಕಾರಣಕ್ಕೆ ಹೆಕ್ಸ್ ಎಡಿಟರ್‌ನಲ್ಲಿ ನೇರವಾಗಿ ಅಂಕಿ ಬದಲಿಸುವ ಸಾಹಸ ಬೇಡ.

ಫ್ಲ್ಯಾಶ್ ಮಾಡುವ, ಅಂದರೆ ಹೊಸ ಫೈಲನ್ನು ರಾಮ್‌ಗೆ ಬರೆಯುವ ಮೊದಲು ಚಾರ್ಜರ್ ಸಿಕ್ಕಿಸಿ, ಬ್ಯಾಟರಿಯೂ ತುಂಬಿರಲಿ. ವಿಂಡೋಸ್‌ನ ಡ್ರೈವ್ ಬೀಗವಾದ ಬಿಟ್‌ಲಾಕರ್ ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ, ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದುಕೊಳ್ಳಿ. ಫರ್ಮ್‌ವೇರ್ ಬದಲಾದದ್ದು ಕಂಡರೆ ವಿಂಡೋಸ್ ಆ ಕೀ ಕೇಳಬಹುದು. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಬೀಗ ತಾನಾಗಿಯೇ ಬಿದ್ದಿರುತ್ತದೆ, ಯಜಮಾನರಿಗೇ ಗೊತ್ತಿರುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್ ಚಿಪ್ಪನ್ನು ನಿಷ್ಕ್ರಿಯಗೊಳಿಸಿ, ಎನ್‌ವಿಫ್ಲ್ಯಾಶ್‌ನಲ್ಲಿ ರಾಮ್‌ನ ಬರವಣಿಗೆ ತಡೆ ತೆಗೆದು, ಹೊಸ ಫೈಲ್ ಬರೆಸಿ, ರೀಸ್ಟಾರ್ಟ್ ಮಾಡಿ. ಬರೆಯುವ ಕೆಲಸ ಮುಗಿಯುವವರೆಗೆ ಕೀಬೋರ್ಡ್ ಮುಟ್ಟಬೇಡಿ.

ಪರದೆ ಕಪ್ಪಾದರೆ

ಇಲ್ಲಿ ಅದೃಷ್ಟ ನಿಮ್ಮ ಲ್ಯಾಪ್‌ಟಾಪ್‌ನ ವೈರಿಂಗ್ ಮೇಲೆ ನಿಂತಿದೆ. ಆಪ್ಟಿಮಸ್ ಎಂಬ ವ್ಯವಸ್ಥೆ ಇರುವ ಮಾದರಿಗಳಲ್ಲಿ ಪರದೆ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ಗೆ ಜೋಡಿಸಿರುತ್ತದೆ. ಎನ್‌ವಿಡಿಯಾ ಚಿಪ್ ಮಂಕಾದರೂ ಚಿತ್ರ ಬರುತ್ತದೆ, ಹಳೆಯ ಫೈಲನ್ನು ಮತ್ತೆ ಬರೆದರೆ ಸರಿಹೋಗುವ ಸಾಧ್ಯತೆ ಹೆಚ್ಚು. ಪರದೆ ನೇರವಾಗಿ ಎನ್‌ವಿಡಿಯಾ ಚಿಪ್‌ಗೇ ಜೋಡಿಸಿದ್ದರೆ ಕಪ್ಪು ಪರದೆಯೇ ಗತಿ.

ಆಗ ಉಳಿಯುವುದು ಸಿಎಚ್341ಎ ಎಂಬ ಅಗ್ಗದ ಪ್ರೋಗ್ರಾಮರ್ ಮತ್ತು ಎಂಟು ಕಾಲಿನ ಕ್ಲಿಪ್. ಬ್ಯಾಟರಿಯ ಕನೆಕ್ಟರ್ ತೆಗೆದು, ರಾಮ್ ಚಿಪ್‌ಗೆ ಕ್ಲಿಪ್ ಹಚ್ಚಿ, ಎರಡು ಸಲ ಓದಿ, ಎರಡೂ ಓದು ಒಂದೇ ಎಂದು ಖಾತ್ರಿಯಾದ ಮೇಲೆ ಬರೆಯಬೇಕು. ಇದರಲ್ಲಿ ಎರಡು ಗುಂಡಿಗಳಿವೆ. ಒಂದು, ಕೆಲವು ರಾಮ್ ಚಿಪ್‌ಗಳು 3.3 ವೋಲ್ಟ್‌ನವು, ಕೆಲವು 1.8 ವೋಲ್ಟ್‌ನವು. ಅಡಾಪ್ಟರ್ ಇಲ್ಲದೆ 1.8ರ ಚಿಪ್‌ಗೆ ಹಚ್ಚಿದರೆ ಚಿಪ್ ಸುಡಬಹುದು. ಸಿಎಚ್341ಎಯ ಕಪ್ಪು ಬಣ್ಣದ ಸಾಮಾನ್ಯ ಮಾದರಿಯಂತೂ ಡೇಟಾ ತಂತಿಗಳಿಗೆ 5 ವೋಲ್ಟ್ ಕಳಿಸುತ್ತದೆ ಎಂಬ ದೂರು ಹಳೆಯದು. ಎರಡು, ಕಾಲುಗಳೇ ಇಲ್ಲದ ಚಪ್ಪಟೆ ಚಿಪ್‌ಗಳಿಗೆ ಕ್ಲಿಪ್ ಹಿಡಿಯುವುದಿಲ್ಲ, ಬೆಸುಗೆ ಬಿಡಿಸಬೇಕಾಗುತ್ತದೆ. ಅಭ್ಯಾಸ ಇಲ್ಲದವರು ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ‘ಚಿಪ್ ಲೆವೆಲ್’ ರಿಪೇರಿ ಮಾಡುವವರ ಬಳಿ ಹೋಗುವುದೇ ವಾಸಿ. ಹೋಗುವಾಗ ನಿಮ್ಮ ಮೂಲ ಬ್ಯಾಕಪ್ ಫೈಲ್ ತೆಗೆದುಕೊಂಡು ಹೋಗಿ. ಇಲ್ಲದಿದ್ದರೆ ಅವರು ಹಾಕುವುದು ಅದೇ ಮಾದರಿಯ ಬೇರೆ ಯಾವುದೋ ಬೋರ್ಡಿನ ಫೈಲ್.

2016ರ ನಂತರ

ಪ್ಯಾಸ್ಕಲ್ ತಲೆಮಾರು, ಅಂದರೆ ಜಿಟಿಎಕ್ಸ್ 10 ಸರಣಿ, ಬಂದ ಮೇಲೆ ಮೇಲಿನ ದಾರಿ ಬಹುಮಟ್ಟಿಗೆ ಮುಚ್ಚಿತು. ವಿಬಯಾಸ್‌ಗೆ ಎನ್‌ವಿಡಿಯಾದ ಡಿಜಿಟಲ್ ಸಹಿ ಇರುತ್ತದೆ, ತಿದ್ದಿದ ಫೈಲನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಲ್ಲಿಂದ ಹವ್ಯಾಸಿಗಳು ಹಿಡಿದ ಉಪಾಯ, ತಿದ್ದುವ ಬದಲು ಇನ್ನೊಂದು ಲ್ಯಾಪ್‌ಟಾಪ್‌ನ ಸಹಿ ಇರುವ ಫೈಲನ್ನು ತಂದು ಹಾಕುವುದು. ಇದಕ್ಕೆ ಹೆಸರಾದದ್ದು ಆರ್‌ಟಿಎಕ್ಸ್ 2080 ಮ್ಯಾಕ್ಸ್-ಕ್ಯೂ. ಅದರಲ್ಲೂ ಪೂರ್ಣ 2080 ಲ್ಯಾಪ್‌ಟಾಪ್ ಚಿಪ್‌ನಲ್ಲೂ ಕೋರ್‌ಗಳು ಅಷ್ಟೇ, 2944. ಆದರೆ 80 ವಾಟ್‌ನ ಮ್ಯಾಕ್ಸ್-ಕ್ಯೂ ಮೂಲ ವೇಗ 735 ಮೆಗಾಹರ್ಟ್ಸ್, 150 ವಾಟ್‌ನ ಪೂರ್ಣ ಚಿಪ್‌ನದು 1380. ಈ ಅಂತರ ಕಂಡವರಿಗೆ ಕೈ ತುರಿಸದೆ ಇದ್ದೀತೇ?

ಆದರೆ ತೆಳ್ಳಗಿನ ಲ್ಯಾಪ್‌ಟಾಪ್‌ಗೆ ಮ್ಯಾಕ್ಸ್-ಕ್ಯೂ ಹಾಕಿದ್ದೇ ಅದರ ಹೀಟ್‌ಪೈಪ್ 150 ವಾಟ್ ಹೊರಲಾರದು ಎಂದು. ಸಾಲದ್ದಕ್ಕೆ ಬೇರೆ ಯಂತ್ರದ ಫೈಲಿನೊಂದಿಗೆ ಬೇರೆ ಯಂತ್ರದ ವೈರಿಂಗ್ ಪಟ್ಟಿಯೂ ಬರುತ್ತದೆ. ಎಚ್‌ಡಿಎಂಐ ಸಾಯಬಹುದು, ಹೊರ ಮಾನಿಟರ್ ಬರದೆ ಹೋಗಬಹುದು, ಪರದೆಯ ಬೆಳಕು ಹೊಂದಿಸಲು ಆಗದಿರಬಹುದು. ನಿಮ್ಮ ಬೋರ್ಡಿನಲ್ಲಿ ಮೈಕ್ರಾನ್ ಮೆಮೊರಿ ಇದ್ದು ತಂದ ಫೈಲಿನಲ್ಲಿ ಸ್ಯಾಮ್‌ಸಂಗ್‌ನ ಟೈಮಿಂಗ್ ಮಾತ್ರ ಇದ್ದರೆ ಚಿಪ್ ಏಳುವುದೇ ಕಷ್ಟ. ಹೆಚ್ಚಿದ ವಾಟ್‌ಗಳ ಹೊರೆ ಚಿಪ್‌ಗೆ ವೋಲ್ಟೇಜ್ ಕೊಡುವ ರೆಗ್ಯುಲೇಟರ್ ಮೇಲೂ ಅಡಾಪ್ಟರ್ ಮೇಲೂ ಬೀಳುತ್ತದೆ. ರೆಗ್ಯುಲೇಟರ್‌ನ ಬಿಸಿ ತೋರಿಸುವ ಸೆನ್ಸರ್ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಕಾಣಸಿಗದು, ಹಾಗಾಗಿ ಅದು ಸುಡುತ್ತಿದೆ ಎಂದು ತಿಳಿಯುವುದು ಸುಟ್ಟ ಮೇಲೆ. ಅಡಾಪ್ಟರ್ ವಿಷಯ ಸುಲಭವಾಗಿ ಪತ್ತೆಯಾಗುತ್ತದೆ. ಚಾರ್ಜರ್ ಹಾಕಿಯೇ ಆಡುತ್ತಿದ್ದರೂ ಬ್ಯಾಟರಿಯ ಶೇಕಡಾವಾರು ಇಳಿಯುತ್ತಿದ್ದರೆ ಅಡಾಪ್ಟರ್ ಸೋತಿದೆ ಎಂದೇ ಅರ್ಥ.

ಅದೃಷ್ಟಕ್ಕೆ, ಬಾಗಿಲು ಮುಚ್ಚಿದ ಪ್ಯಾಸ್ಕಲ್ ತಲೆಮಾರಿನಲ್ಲೇ ಕಿಟಕಿಯೊಂದು ತೆರೆಯಿತು. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ‘ಎಫ್’ ಕೀ ಒಟ್ಟಿಗೆ ಒತ್ತಿದರೆ ವೋಲ್ಟೇಜ್ ಮತ್ತು ವೇಗದ ರೇಖೆ ಬರುತ್ತದೆ. ಉದಾಹರಣೆಗೆ, ನಿಮ್ಮ ಚಿಪ್ ಆಟದಲ್ಲಿ 900 ಮಿಲಿವೋಲ್ಟ್‌ಗೆ 1700 ಮೆಗಾಹರ್ಟ್ಸ್ ಓಡುತ್ತಿದೆ ಎನ್ನಿ. ಅದೇ 1700 ಅನ್ನು 825ಕ್ಕೋ 800ಕ್ಕೋ ಓಡುವಂತೆ ರೇಖೆಯ ಬಿಂದುವನ್ನು ಎತ್ತಿ, ಅದರ ಬಲಗಡೆಯನ್ನೆಲ್ಲ ಚಪ್ಪಟೆ ಮಾಡಿ. ಇದೇ ಅಂಡರ್‌ವೋಲ್ಟ್. ವರ್ಗದ ಲೆಕ್ಕ ಈಗ ನಿಮ್ಮ ಪರ. 900ರಿಂದ 825ಕ್ಕೆ ಇಳಿದರೆ ಅದೇ ವೇಗಕ್ಕೆ ವಿದ್ಯುತ್ತು ಸುಮಾರು ಶೇ 16 ಕಡಿಮೆ. ವಾಟ್ ಮಿತಿ ಅಷ್ಟೇ ಇರುವುದರಿಂದ ಉಳಿದ ವಾಟ್‌ಗಳಲ್ಲಿ ಚಿಪ್ ಇನ್ನಷ್ಟು ಹೊತ್ತು ಮೇಲಿನ ವೇಗದಲ್ಲೇ ನಿಲ್ಲುತ್ತದೆ. ಫ್ಯಾನ್ ಕೂಗಾಟವೂ ತಗ್ಗುತ್ತದೆ. ಇಷ್ಟಕ್ಕೆ ಫ್ಲ್ಯಾಶ್ ಬೇಡ, ಕ್ಲಿಪ್ ಬೇಡ. ತಪ್ಪಾದರೆ ರೀಸ್ಟಾರ್ಟ್ ಸಾಕು. ಕೆಪ್ಲರ್ ಕಾಲದಲ್ಲಿ ಈ ರೇಖೆ ಇದ್ದಿದ್ದರೆ ಆಗಿನ ಅರ್ಧದಷ್ಟು ಫರ್ಮ್‌ವೇರ್ ತಿದ್ದುಪಡಿಗಳೇ ಬೇಕಾಗುತ್ತಿರಲಿಲ್ಲ ಎಂಬುದು ನನ್ನ ಅಂದಾಜು.

ಎಎಂಡಿ ಗ್ರಾಫಿಕ್ಸ್‌ನವರಿಗೆ ಎರಡು ಮಾತು. ಆರ್‌ಎಕ್ಸ್ 400, 500 ಸರಣಿಗೆ ಪೊಲಾರಿಸ್ ಬಯಾಸ್ ಎಡಿಟರ್ ಇತ್ತು, ಕ್ರಿಪ್ಟೊ ನಾಣ್ಯ ಗಣಿಗಾರಿಕೆಯವರು ಅದನ್ನು ಮೆಮೊರಿ ಟೈಮಿಂಗ್ ತಿದ್ದಲು ವಿಪರೀತ ಬಳಸಿದರು. ಆರ್‌ಎಕ್ಸ್ 5000, 6000 ಸರಣಿಯವರಿಗೆ ಮೋರ್ ಪವರ್ ಟೂಲ್ ಸಾಕು. ಅದು ಬರೆಯುವುದು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ, ಫರ್ಮ್‌ವೇರ್ ಹಾಗೇ ಇರುತ್ತದೆ.

ಪರೀಕ್ಷೆ

ಯಾವ ದಾರಿ ಹಿಡಿದರೂ ಕೊನೆಗೆ ಪರೀಕ್ಷೆ ತಪ್ಪದು. ವೇಗಕ್ಕೆ ಅಂಕ ಕೊಡುವ ಯುನಿಜಿನ್ ಸೂಪರ್‌ಪೊಸಿಷನ್ ಅಥವಾ 3ಡಿಮಾರ್ಕ್ ತಂತ್ರಾಂಶವನ್ನು ಮತ್ತೆ ಮತ್ತೆ ಓಡಿಸಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಮಿನುಗುವ ತ್ರಿಕೋನ ಕಂಡರೆ ವೇಗ ಹೆಚ್ಚಾಯಿತು. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬಂದರೆ, ಚಿಪ್ 2 ಸೆಕೆಂಡ್ ಉತ್ತರಿಸದ ಕಾರಣ ವಿಂಡೋಸ್ ಡ್ರೈವರ್ ಅನ್ನು ಹೊಸದಾಗಿ ಎಬ್ಬಿಸಿದೆ ಎಂದು ತಿಳಿಯಿರಿ. ಆಗಲೂ ಕೆಳಗಿಳಿಯಬೇಕು. ಮೆಮೊರಿಯ ವಿಷಯ ಇನ್ನೂ ಸೂಕ್ಷ್ಮ. ಜಿಡಿಡಿಆರ್5ಗೆ ತಪ್ಪು ಪತ್ತೆಮಾಡಿ ಡೇಟಾವನ್ನು ಮತ್ತೆ ಕಳಿಸುವ ವ್ಯವಸ್ಥೆ ಇರುವುದರಿಂದ, ಮಿತಿ ದಾಟಿದರೂ ಚುಕ್ಕೆ ಕಾಣದೆ ಇರಬಹುದು. ಆದರೆ ಅಂಕ ಇಳಿಯಲು ಶುರುವಾಗುತ್ತದೆ. ಪ್ರತಿ ಹೆಜ್ಜೆಗೂ ಅಂಕ ಬರೆದಿಟ್ಟುಕೊಳ್ಳಿ. ಮೆಮೊರಿ ವೇಗ ಏರಿದಾಗ ಅಂಕ ಏರದೆ ಇಳಿದರೆ ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ. ಫರ್‌ಮಾರ್ಕ್ ಎಂಬುದನ್ನು ಗಂಟೆಗಟ್ಟಲೆ ಓಡಿಸುವ ಚಾಳಿ ಮಾತ್ರ ಬೇಡ. ಯಾವ ಆಟವೂ ಹಾಕದಷ್ಟು ಹೊರೆಯನ್ನು ಅದು ಹಾಕುತ್ತದೆ.

ಒಟ್ಟಾರೆ ನನ್ನ ಸಲಹೆ ಇಷ್ಟು. ವಾರಂಟಿ ಮುಗಿದ, ಪ್ರತ್ಯೇಕ ರಾಮ್ ಇರುವ, ಬಿಸಿಯಾಗದ ಕೆಪ್ಲರ್ ಅಥವಾ ಮ್ಯಾಕ್ಸ್‌ವೆಲ್ ಲ್ಯಾಪ್‌ಟಾಪ್ ಇದ್ದರೆ ಧಾರಾಳವಾಗಿ ತಿದ್ದಿ ಕಲಿಯಿರಿ. ಓದಿಗೆ, ಕೆಲಸಕ್ಕೆ ನೆಚ್ಚಿಕೊಂಡಿರುವ ಹೊಸ ಯಂತ್ರವಾದರೆ ಅಂಡರ್‌ವೋಲ್ಟ್‌ನಿಂದ ಮುಂದೆ ಹೋಗಬೇಡಿ. ತಿದ್ದಿದ ಲ್ಯಾಪ್‌ಟಾಪನ್ನು ಮುಂದೆ ಮಾರುವುದಿದ್ದರೆ ಮೂಲ ಫರ್ಮ್‌ವೇರ್ ಮರಳಿ ಹಾಕಿಯೇ ಮಾರಿ. ಹಳೆಯದನ್ನು ಕೊಳ್ಳುವವರು ದುಡ್ಡು ಕೊಡುವ ಮುನ್ನ ಜಿಪಿಯು-ಜೆಡ್ ತೆರೆದು, ಅಲ್ಲಿ ಕಾಣುವ ಮೂಲ ವೇಗವನ್ನು ಆ ಮಾದರಿಗೆ ಕಂಪನಿ ಕೊಟ್ಟ ಅಂಕಿಯೊಂದಿಗೆ ಹೋಲಿಸಿ ನೋಡಿ.